ಹನ್ನೊಂದು ಸ್ಕ್ರೀನು, ಅದೇ ಸಾಲು

ಪ್ರಶ್ನೆ: ನಾನು ಹುಬ್ಬಳ್ಳಿಯ ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿಯಲ್ಲಿ ಆ್ಯಂಡ್ರಾಯ್ಡ್ ಡೆವಲಪರ್. ಡಿಪ್ಲೊಮಾ ಮಾಡಿ, ಲ್ಯಾಟರಲ್ ಎಂಟ್ರಿಯಲ್ಲಿ ಬಿ.ಇ. ಸೇರಿ ಮುಗಿಸಿದವನು. ಇದೇ ಮೊದಲ ನೌಕರಿ. ಹಾಲು ಉತ್ಪಾದಕರ ಸಂಘಗಳ ಸದಸ್ಯರ ವಿವರ ತುಂಬುವ ಆ್ಯಪ್ ನನ್ನ ಪಾಲಿಗೆ ಬಂದಿದೆ, ಕೋಟ್ಲಿನ್‌ನಲ್ಲಿ ಬರೆಯುತ್ತಿದ್ದೇನೆ. ಒಟ್ಟು ಹನ್ನೊಂದು ಸ್ಕ್ರೀನ್. ಹೆಚ್ಚುಕಡಿಮೆ ಎಲ್ಲದರಲ್ಲೂ ಹೆಸರು, ಮೊಬೈಲ್ ನಂಬರ್, ಪಿನ್‌ಕೋಡ್, ಬ್ಯಾಂಕ್ ಖಾತೆ, ಐಎಫ್‌ಎಸ್‌ಸಿ, ಕೊನೆಗೊಂದು ಸೇವ್ ಬಟನ್. ಪ್ರತಿಯೊಂದನ್ನೂ ಐಡಿಯಿಂದ ಹುಡುಕಬೇಕು, ವೇರಿಯಬಲ್‌ಗೆ ಹಾಕಬೇಕು, ಹಿಂಟ್ ಕೊಡಬೇಕು, ಬಣ್ಣ ಕೊಡಬೇಕು, ಲಿಸನರ್ ಹಾಕಬೇಕು. ಒಂದು ಸ್ಕ್ರೀನಿನ ಕೋಡನ್ನು ಕಾಪಿ ಮಾಡಿ ಇನ್ನೊಂದಕ್ಕೆ ಪೇಸ್ಟ್ ಮಾಡುವುದೇ ನನ್ನ ಕೆಲಸ ಎನ್ನುವಂತಾಗಿದೆ.

‘ಇಷ್ಟು ರಿಪೀಟ್ ಯಾಕ್ರೀ?’ ಅಂತ ರಿವ್ಯೂನಲ್ಲಿ ಲೀಡ್ ಸರ್ ಕೇಳಿದರು. ನಾನು ಎಲ್ಲವನ್ನೂ ಸೇರಿಸಿ ಒಂದೇ ದೊಡ್ಡ ಫಂಕ್ಷನ್ ಬರೆದೆ, ಅದಕ್ಕೆ ಒಂಬತ್ತು ಪ್ಯಾರಾಮೀಟರ್. ‘ಮೊದಲಿನದೇ ವಾಸಿ ಇತ್ತು, ಇದು ಯಾರಿಗೂ ಅರ್ಥ ಆಗಲ್ಲ’ ಎಂದರು. ಒಬ್ಬ ಗೆಳೆಯ ಬೇಸ್ ಆ್ಯಕ್ಟಿವಿಟಿ ಮಾಡು ಅಂತಾನೆ. ಇನ್ನೊಬ್ಬ, ಹಳೆಯದನ್ನೆಲ್ಲ ಬಿಟ್ಟು ಕಂಪೋಸ್‌ಗೆ ಹೋಗು ಅಂತಾನೆ. ಮತ್ತೊಬ್ಬ, ಎಐ ಬರೆದು ಕೊಡುತ್ತೆ, ತಲೆ ಯಾಕೆ ಕೆಡಿಸಿಕೊಳ್ಳುತ್ತೀಯ ಅಂತ ನಗುತ್ತಾನೆ. ಈ ನಡುವೆ, +91 ಸೇರಿಸಿ ಪೇಸ್ಟ್ ಮಾಡಿದ ಮೊಬೈಲ್ ನಂಬರನ್ನೂ ಒಪ್ಪಿಕೊಳ್ಳಬೇಕು ಎಂಬ ಬದಲಾವಣೆ ಬಂತು. ಹತ್ತು ಸ್ಕ್ರೀನಿನಲ್ಲಿ ಮಾಡಿದೆ, ಒಂದರಲ್ಲಿ ಬಿಟ್ಟುಹೋಯಿತು. ಸಂಘದವರಿಂದ ದೂರು ಬಂತು. ಈ ಕೆಲಸಕ್ಕೆ ನಾನು ಲಾಯಕ್ಕೋ ಅಲ್ಲವೋ ಎಂಬ ಚಿಂತೆ ಶುರುವಾಗಿದೆ. ಏನು ಮಾಡಲಿ?
— ಹೆಸರು ಬೇಡ, ಹುಬ್ಬಳ್ಳಿ

ಉತ್ತರ: ಲಾಯಕ್ಕಿನ ಪ್ರಶ್ನೆಯನ್ನು ಮೊದಲು ಮುಗಿಸಿಬಿಡೋಣ. ಮೊದಲ ನೌಕರಿಯಲ್ಲೇ ‘ಇದನ್ನು ಹನ್ನೊಂದು ಸಲ ಯಾಕೆ ಬರೆಯುತ್ತಿದ್ದೇನೆ’ ಎಂದು ಕಸಿವಿಸಿಪಟ್ಟವರು ನೀವು. ಆ ಕಸಿವಿಸಿ ಇಲ್ಲದೆ ವರ್ಷಗಟ್ಟಲೆ ಪೇಸ್ಟ್ ಮಾಡುತ್ತಲೇ ಇರುವವರ ಬಗ್ಗೆ ನನಗೆ ಚಿಂತೆ, ನಿಮ್ಮ ಬಗ್ಗೆ ಅಲ್ಲ. ಈಗ ಕೋಡಿಗೆ ಬರೋಣ.

ನಿಮ್ಮ ಪತ್ರದಲ್ಲಿ ಎರಡು ಬೇರೆ ಬೇರೆ ತೊಂದರೆಗಳು ಹೆಣೆದುಕೊಂಡಿವೆ. ಒಂದು, ಕೈಗೆ ನೋವು ಕೊಡುವ ರಿಪೀಟು: ಐಡಿ ಹುಡುಕು, ವೇರಿಯಬಲ್‌ಗೆ ಹಾಕು. ಇದರಿಂದ ನಿಮಗೆ ಬೇಜಾರು, ಅಷ್ಟೇ. ಇನ್ನೊಂದು, ಆ್ಯಪ್ ಬಳಸುವವರಿಗೆ ನೋವು ಕೊಡುವ ರಿಪೀಟು: ಮೊಬೈಲ್ ನಂಬರ್ ಎಂದರೆ ಏನು ಎಂಬ ತೀರ್ಮಾನ ಹನ್ನೊಂದು ಕಡೆ ಬರೆದಿರುವುದು. ದೂರು ಬಂದದ್ದು ಈ ಎರಡನೆಯದರಿಂದ. ರಿವ್ಯೂನಲ್ಲಿ ಲೀಡ್ ಸರ್ ಕಣ್ಣಿಗೆ ಬಿದ್ದದ್ದು ಬಹುಶಃ ಮೊದಲನೆಯದು. ನೀವು ಎರಡಕ್ಕೂ ಒಂದೇ ಔಷಧ ಅರೆದಿರಿ, ಅದೇ ಆ ಒಂಬತ್ತು ಪ್ಯಾರಾಮೀಟರಿನ ಫಂಕ್ಷನ್.

1999ರಲ್ಲಿ ಆ್ಯಂಡ್ರ್ಯೂ ಹಂಟ್ ಮತ್ತು ಡೇವಿಡ್ ಥಾಮಸ್ ‘ದಿ ಪ್ರ್ಯಾಗ್ಮ್ಯಾಟಿಕ್ ಪ್ರೋಗ್ರಾಮರ್’ ಎಂಬ ಪುಸ್ತಕದಲ್ಲಿ ‘ಡ್ರೈ’ (ಡೋಂಟ್ ರಿಪೀಟ್ ಯುವರ್‌ಸೆಲ್ಫ್) ಎಂಬ ತತ್ವ ಹೇಳಿದರು. ಕಾಲೇಜಿನಲ್ಲಿ ನಿಮಗೂ ಹೇಳಿಕೊಟ್ಟಿರುತ್ತಾರೆ: ಒಂದೇ ಕೋಡನ್ನು ಎರಡು ಸಲ ಬರೆಯಬೇಡಿ ಎಂದು. ಆದರೆ ಅವರು ಹೇಳಿದ್ದು ಕೋಡಿನ ಸಾಲುಗಳ ಬಗ್ಗೆ ಅಲ್ಲ, ತಿಳಿವಿನ ಬಗ್ಗೆ. ಒಂದು ವ್ಯವಸ್ಥೆಯಲ್ಲಿ ಒಂದು ಸಂಗತಿಯ ತಿಳಿವು ಒಂದೇ ಕಡೆ ಇರಬೇಕು ಎಂಬುದು ಅವರ ಮಾತಿನ ಸಾರ. ಒಂದೇ ಥರ ಕಾಣುವ ಎರಡು ಸಾಲು ಎರಡು ಬೇರೆ ತಿಳಿವು ಆಗಿರಬಹುದು. ಬೇರೆ ಬೇರೆ ಥರ ಕಾಣುವ ಎರಡು ಸಾಲು ಒಂದೇ ತಿಳಿವು ಆಗಿರಬಹುದು. ನಿಮ್ಮ ಆ್ಯಪಿನಲ್ಲಿ ಎರಡೂ ಇವೆ ಅಂತ ನನ್ನ ಊಹೆ, ಮುಂದೆ ಹೇಳುತ್ತೇನೆ.

ಮೊದಲು ಕೈನೋವಿನ ವಿಷಯ. ಇದನ್ನು ನೀವು ಪರಿಹರಿಸಬೇಕಾಗಿಯೇ ಇಲ್ಲ, ಗೂಗಲ್ ಪರಿಹರಿಸಿಯಾಗಿದೆ. ಫೈಂಡ್‌ವ್ಯೂಬೈಐಡಿ ಆ್ಯಂಡ್ರಾಯ್ಡ್ ಹುಟ್ಟಿದಾಗಿನಿಂದ ಇದೆ. ಅದರ ದೊಡ್ಡ ದೋಷ ಉದ್ದವಲ್ಲ, ಮೋಸ. ಐಡಿಗಳೆಲ್ಲ ಇಡೀ ಆ್ಯಪಿಗೆ ಸೇರಿ ಒಂದೇ ಆರ್ ಕ್ಲಾಸಿನಲ್ಲಿ ಕೂತಿರುತ್ತವೆ. ನಾಮಿನಿ ಸ್ಕ್ರೀನಿನ ಕೋಡನ್ನು ಸದಸ್ಯನ ಸ್ಕ್ರೀನಿಗೆ ಪೇಸ್ಟ್ ಮಾಡಿ, ಒಂದು ಐಡಿ ಬದಲಿಸಲು ಮರೆತಿರಿ ಎನ್ನಿ. ಕಂಪೈಲರ್ ತುಟಿ ಪಿಟಕ್ ಅನ್ನುವುದಿಲ್ಲ, ಏಕೆಂದರೆ ಆ ಐಡಿ ಆ್ಯಪಿನಲ್ಲಿ ಎಲ್ಲೋ ಇದೆಯಲ್ಲ! ಈ ಲೇಔಟಿನಲ್ಲಿ ಅದು ಇಲ್ಲ ಎಂಬುದು ಗೊತ್ತಾಗುವುದು ಆ್ಯಪ್ ಕ್ರ್ಯಾಶ್ ಆದಾಗ. ಕಾಪಿ-ಪೇಸ್ಟ್ ಮತ್ತು ಫೈಂಡ್‌ವ್ಯೂಬೈಐಡಿ ಇವೆರಡರ ಜೋಡಿ ಅಷ್ಟು ಕೆಟ್ಟದ್ದು.

ಇದರಿಂದ ಪಾರಾಗಲು ಜನ ಏನೇನೋ ಮಾಡಿದರು. ಜೇಕ್ ವಾರ್ಟನ್ ಬರೆದ ಬಟರ್‌ನೈಫ್ ಎಂಬ ಲೈಬ್ರರಿ ಒಂದು ಕಾಲಕ್ಕೆ ಸಿಕ್ಕಸಿಕ್ಕ ಪ್ರಾಜೆಕ್ಟಿನಲ್ಲೆಲ್ಲ ಇತ್ತು. ವೇರಿಯಬಲ್ ಮೇಲೆ ಒಂದು ಅನೊಟೇಶನ್ ಬರೆದರೆ ಸಾಕು, ಹುಡುಕುವ ಕೋಡನ್ನು ಅದೇ ಹುಟ್ಟಿಸುತ್ತಿತ್ತು. 2017ರಲ್ಲಿ ಗೂಗಲ್ ಕೋಟ್ಲಿನ್‌ಗೆ ಅಧಿಕೃತ ಬೆಂಬಲ ಕೊಟ್ಟ ಮೇಲೆ, ಮೊದಲೇ ಇದ್ದ ಕೋಟ್ಲಿನ್ ಸಿಂಥೆಟಿಕ್ಸ್ ಎಲ್ಲೆಡೆ ಹಬ್ಬಿತು, ಅದರಲ್ಲಿ ಐಡಿಯ ಹೆಸರನ್ನೇ ನೇರ ಬರೆದರಾಯಿತು. ಓದಲು ಚೆಂದ, ಆದರೆ ಬೇರೆ ಲೇಔಟಿನ ಐಡಿ ತಂದು ಕ್ರ್ಯಾಶ್ ಮಾಡಿಕೊಳ್ಳುವ ದಾರಿ ಅಲ್ಲೂ ತೆರೆದೇ ಇತ್ತು. 2020ರ ಫೆಬ್ರುವರಿಯಲ್ಲಿ ಆ್ಯಂಡ್ರಾಯ್ಡ್ ಸ್ಟುಡಿಯೋ 3.6ರ ಜೊತೆ ವ್ಯೂ ಬೈಂಡಿಂಗ್ ಬಂದ ಮೇಲೆ ಈ ಎರಡಕ್ಕೂ ತೆರೆ ಬಿತ್ತು. ಬಟರ್‌ನೈಫ್‌ನವರೇ ಇನ್ನು ವ್ಯೂ ಬೈಂಡಿಂಗ್ ಬಳಸಿ ಎಂದರು. ಸಿಂಥೆಟಿಕ್ಸನ್ನು ಅದೇ ವರ್ಷದ ಕೊನೆಯಲ್ಲಿ ಕೋಟ್ಲಿನ್ 1.4.20ರಲ್ಲಿ ಹಳತು ಎಂದು ಸಾರಿ, 1.8ರಲ್ಲಿ ಕಿತ್ತೇಹಾಕಿದರು.

ಕೋಡನ್ನು ಇಲ್ಲಿ ಅಚ್ಚು ಹಾಕುವುದಿಲ್ಲ, ಮಾತಿನಲ್ಲೇ ಹೇಳುತ್ತೇನೆ. ಮಾಡ್ಯೂಲಿನ ಬಿಲ್ಡ್ ಗ್ರೇಡಲ್ ಫೈಲಿನಲ್ಲಿ, ಆ್ಯಂಡ್ರಾಯ್ಡ್ ಬ್ಲಾಕಿನ ಒಳಗಿನ ಬಿಲ್ಡ್‌ಫೀಚರ್ಸ್‌ನಲ್ಲಿ ವ್ಯೂಬೈಂಡಿಂಗ್ ಅನ್ನು ಟ್ರೂ ಮಾಡಿ, ಸಿಂಕ್ ಕೊಡಿ. ಅಲ್ಲಿಂದ ಮುಂದೆ ನಿಮ್ಮ ಪ್ರತಿ ಲೇಔಟಿಗೂ ಒಂದು ಬೈಂಡಿಂಗ್ ಕ್ಲಾಸ್ ತಾನಾಗಿ ಹುಟ್ಟುತ್ತದೆ. ಲೇಔಟ್ ಫೈಲಿನ ಹೆಸರಿನ ಅಂಡರ್‌ಸ್ಕೋರ್ ತೆಗೆದು, ಪ್ರತಿ ಪದವನ್ನು ದೊಡ್ಡಕ್ಷರದಿಂದ ಶುರುಮಾಡಿ, ಕೊನೆಗೆ ಬೈಂಡಿಂಗ್ ಎಂದು ಸೇರಿಸಿದರೆ ಅದೇ ಕ್ಲಾಸಿನ ಹೆಸರು. ಐಡಿ ಇರುವ ಪ್ರತಿ ಕಂಟ್ರೋಲೂ ಅದರೊಳಗೆ ಸರಿಯಾದ ಟೈಪಿನ ಫೀಲ್ಡ್ ಆಗಿ ಸಿದ್ಧ ಇರುತ್ತದೆ. ಈ ಲೇಔಟಿನಲ್ಲಿ ಇಲ್ಲದ್ದನ್ನು ಬರೆದರೆ ಅಲ್ಲೇ ಕೆಂಪು ಗೆರೆ. ಫ್ರ್ಯಾಗ್ಮೆಂಟ್ ಬಳಸುತ್ತಿದ್ದರೆ ಮಾತ್ರ ಒಂದು ಎಚ್ಚರ: ಫ್ರ್ಯಾಗ್ಮೆಂಟಿನ ಆಯುಷ್ಯ ಅದರ ವ್ಯೂಗಿಂತ ಉದ್ದ, ಹಾಗಾಗಿ ಆನ್‌ಡಿಸ್ಟ್ರಾಯ್‌ವ್ಯೂನಲ್ಲಿ ಬೈಂಡಿಂಗನ್ನು ನಲ್ ಮಾಡಬೇಕು. ಇಲ್ಲದಿದ್ದರೆ ಮೆಮೊರಿ ಲೀಕ್.

ನಿಮ್ಮ ಹನ್ನೊಂದು ಸ್ಕ್ರೀನಿನ ಮೇಲ್ಭಾಗದ ಆ ಉದ್ದುದ್ದ ಪಟ್ಟಿ ಇಷ್ಟರಿಂದಲೇ ಅಳಿಸಿಹೋಗುತ್ತದೆ. ಬುದ್ಧಿ ಖರ್ಚಿಲ್ಲ, ನೀವು ಬರೆದ ಹೊಸ ಫಂಕ್ಷನ್ ಇಲ್ಲ, ಲೀಡ್ ಸರ್‌ಗೆ ಅರ್ಥವಾಗದ್ದು ಏನೂ ಇಲ್ಲ.

ಇನ್ನು ಬಣ್ಣ, ಹಿಂಟು, ಅಂಚು, ಅಕ್ಷರದ ಗಾತ್ರ. ಇವನ್ನು ಕೋಟ್ಲಿನ್ ಫೈಲಿನಲ್ಲಿ ಕೂತು ಹಾಕುವುದೇಕೆ? ಅವು ಎಕ್ಸ್‌ಎಂಎಲ್‌ನ ಪಾಲಿನವು. ಅಲ್ಲಿಯೂ ಪ್ರತಿ ಬಟನ್ನಿನ ಮೇಲೆ ಬರೆಯಬೇಕಿಲ್ಲ, ಒಂದು ಸ್ಟೈಲ್ ಮಾಡಿ. ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಮಟೀರಿಯಲ್ ಥೀಮಿನಲ್ಲಿ ಮಟೀರಿಯಲ್‌ಬಟನ್‌ಸ್ಟೈಲ್ ಮತ್ತು ಟೆಕ್ಸ್ಟ್‌ಇನ್‌ಪುಟ್‌ಸ್ಟೈಲ್ ಎಂಬ ಎರಡು ಆ್ಯಟ್ರಿಬ್ಯೂಟ್‌ಗಳಿಗೆ ನಿಮ್ಮ ಸ್ಟೈಲುಗಳನ್ನು ಕೊಟ್ಟುಬಿಟ್ಟರೆ, ಆ್ಯಪಿನ ಎಲ್ಲ ಬಟನ್ನಿಗೂ ಎಲ್ಲ ಇನ್‌ಪುಟ್ ಪೆಟ್ಟಿಗೆಗೂ ಅದು ತಾನಾಗಿ ಹತ್ತುತ್ತದೆ. ಸಂಘದವರು ಹಸಿರು ಬೇಡ ನೀಲಿ ಬೇಕು ಎಂದರೆ ಒಂದು ಸಾಲು ಬದಲು.

ಕನ್ನಡದ ಆ್ಯಪ್ ಆದ್ದರಿಂದ ಇಲ್ಲೊಂದು ಮಾತು ಸೇರಿಸಬೇಕು. ಪೆಟ್ಟಿಗೆಯ ಎತ್ತರವನ್ನು ಇಷ್ಟೇ ಡಿಪಿ ಎಂದು ಕಟ್ಟಿಹಾಕಿದ್ದರೆ ಇಂಗ್ಲಿಷಿನಲ್ಲಿ ಚೆನ್ನಾಗಿ ಕಾಣುತ್ತದೆ, ಕನ್ನಡದಲ್ಲಿ ಒತ್ತಕ್ಷರದ ಕೆಳಭಾಗ ಕತ್ತರಿಸಿ ಹೋಗುತ್ತದೆ. ‘ರಾಷ್ಟ್ರೀಯ’ ಎಂದು ಬರೆದು ನೋಡಿ, ಗೊತ್ತಾಗುತ್ತದೆ. ಹನ್ನೊಂದು ಲೇಔಟಿನಲ್ಲಿ ಹನ್ನೊಂದು ಸಲ ಕಟ್ಟಿಹಾಕಿದ ಎತ್ತರವನ್ನು ಸ್ಟೈಲಿಗೆ ತಂದು ರ್‍ಯಾಪ್ ಕಂಟೆಂಟ್ ಮಾಡಿ. ಹಾಗೆಯೇ ‘ಮೊಬೈಲ್ ಸಂಖ್ಯೆ ಸರಿಯಿಲ್ಲ’ ಎಂಬ ಸಂದೇಶ ಕೋಟ್ಲಿನ್ ಕೋಡಿನೊಳಗೆ ಕೂತಿದ್ದರೆ ಒಂದು ಸ್ಕ್ರೀನಿನಲ್ಲಿ ‘ಸಂಖ್ಯೆ’, ಇನ್ನೊಂದರಲ್ಲಿ ‘ನಂಬರ್’, ಮತ್ತೊಂದರಲ್ಲಿ ‘ಸಂಖೆ’ ಆಗಿರುತ್ತದೆ. ಎಲ್ಲವೂ ಸ್ಟ್ರಿಂಗ್ಸ್ ಫೈಲಿಗೆ ಹೋಗಲಿ.

ಲಿಸನರುಗಳ ವಿಷಯದಲ್ಲಿ ನನ್ನ ಸಲಹೆ ನಿಮಗೆ ಆಶ್ಚರ್ಯ ಅನ್ನಿಸಬಹುದು: ಮುಟ್ಟಬೇಡಿ. ಸೇವ್ ಬಟನ್ ಒತ್ತಿದರೆ ಸೇವ್ ಫಂಕ್ಷನ್, ರದ್ದು ಒತ್ತಿದರೆ ಹಿಂದಕ್ಕೆ. ಕೋಟ್ಲಿನ್ ಲ್ಯಾಂಬ್ಡಾದಲ್ಲಿ ಇದು ಬಟನ್ನಿಗೊಂದು ಸಾಲು. ಹೊಸಬರು ಸ್ಕ್ರೀನ್ ತೆರೆದರೆ ಯಾವ ಬಟನ್ ಏನು ಮಾಡುತ್ತದೆ ಎಂಬುದು ಆ ಸಾಲುಗಳಲ್ಲೇ ಓದಿಕೊಳ್ಳಲು ಸಿಗುತ್ತದೆ. ಒಂದೇ ಥರ ಕಾಣುತ್ತವೆ ನಿಜ, ಆದರೆ ಒಂದೊಂದೂ ಒಂದೊಂದು ಬೇರೆ ಮಾತು ಹೇಳುತ್ತಿದೆ. ಇದನ್ನೂ ಉಳಿಸಲು ಹೋಗಿ ಕೆಲವರು ಲೇಔಟಿನಲ್ಲೇ ಆನ್‌ಕ್ಲಿಕ್ ಆ್ಯಟ್ರಿಬ್ಯೂಟ್ ಬರೆಯುತ್ತಾರೆ. ಅಲ್ಲಿ ಬರೆದ ಫಂಕ್ಷನ್ನಿನ ಹೆಸರಿನಲ್ಲಿ ಒಂದಕ್ಷರ ತಪ್ಪಿದರೂ ಆ್ಯಪ್ ಕಂಪೈಲ್ ಆಗುತ್ತದೆ, ಬಟನ್ ಒತ್ತಿದಾಗ ಬೀಳುತ್ತದೆ. ಇನ್ನು ಕೆಲವರು ಎಲ್ಲ ಬಟನ್ನಿಗೂ ಒಂದೇ ಲಿಸನರ್ ಕೊಟ್ಟು ಒಳಗೆ ಐಡಿ ನೋಡಿ ಕವಲೊಡೆಯುತ್ತಾರೆ. ಜಾವಾದಲ್ಲಿ ಹಾಗೆ ಸ್ವಿಚ್ ಬರೆದಿದ್ದವರ ಕೋಡು 2023ರಲ್ಲಿ ಬಂದ ಆ್ಯಂಡ್ರಾಯ್ಡ್ ಗ್ರೇಡಲ್ ಪ್ಲಗಿನ್ 8.0ಕ್ಕೆ ಹೋದ ಕೂಡಲೇ ಕಂಪೈಲ್ ಆಗುವುದನ್ನೇ ನಿಲ್ಲಿಸಿತು, ಏಕೆಂದರೆ ಐಡಿಗಳು ಅಲ್ಲಿಂದಾಚೆ ಸ್ಥಿರಾಂಕಗಳಾಗಿ ಉಳಿಯಲಿಲ್ಲ. ನಾಲ್ಕು ಸಾಲು ಉಳಿಸಿದವರು ನಾಲ್ಕು ದಿನ ಕಳೆದುಕೊಂಡರು.

ಬರೆಯುವಾಗಲೇ ನಿಜಕ್ಕೂ ಕಿರಿಕಿರಿ ಮಾಡುವ ಒಂದು ಲಿಸನರ್ ಇದೆ, ಟೆಕ್ಸ್ಟ್‌ವಾಚರ್. ಬಳಸುವುದು ಒಂದು ಮೆಥಡ್, ಬರೆಯಬೇಕಾದ್ದು ಮೂರು. ಅದಕ್ಕೆ ಆ್ಯಂಡ್ರಾಯ್ಡ್‌ಎಕ್ಸ್‌ನ ಕೋರ್ ಕೆಟಿಎಕ್ಸ್‌ನಲ್ಲಿ ಡೂಆಫ್ಟರ್‌ಟೆಕ್ಸ್ಟ್‌ಚೇಂಜ್ಡ್ ಎಂಬ ಎಕ್ಸ್‌ಟೆನ್ಶನ್ ಫಂಕ್ಷನ್ ಇದೆ. ಬಳಸಿ, ಮೂರು ಮೆಥಡ್ ಒಂದಾಗುತ್ತದೆ.

ಈಗ ದೂರು ಬಂದ ಜಾಗಕ್ಕೆ. ಆ ಬಿಟ್ಟುಹೋದ ಸ್ಕ್ರೀನನ್ನು ತೆರೆದು ಎಕ್ಸ್‌ಎಂಎಲ್ ನೋಡಿ. ಮೊಬೈಲ್ ಪೆಟ್ಟಿಗೆಯಲ್ಲಿ ಮ್ಯಾಕ್ಸ್‌ಲೆಂತ್ 10 ಎಂದು ಇರಬಹುದು. ಸಂಘದ ಕಾರ್ಯದರ್ಶಿ ಕಾಂಟ್ಯಾಕ್ಟ್ಸ್‌ನಿಂದ ನಂಬರನ್ನು ಕಾಪಿ ಮಾಡುತ್ತಾರೆ, ಅದು +91ರಿಂದ ಶುರುವಾಗುತ್ತದೆ. ಪೆಟ್ಟಿಗೆ ಮೊದಲ ಹತ್ತು ಅಕ್ಷರ ಇಟ್ಟುಕೊಂಡು ಉಳಿದದ್ದನ್ನು ಸದ್ದಿಲ್ಲದೆ ಕತ್ತರಿಸುತ್ತದೆ. +91 ಮೂರು ಜಾಗ ತಿಂದಿತು, ಕೊನೆಯ ಮೂರು ಅಂಕಿ ಹೋದವು. ನೀವು ಕೋಟ್ಲಿನ್‌ನಲ್ಲಿ +91 ಕತ್ತರಿಸುವ ಕೋಡನ್ನು ಎಷ್ಟು ಚೆನ್ನಾಗಿ ಬರೆದಿದ್ದರೂ ಅದರ ಕೈಗೆ ಬರುವಾಗಲೇ ನಂಬರ್ ಮೊಂಡಾಗಿರುತ್ತದೆ. ಮೊಬೈಲ್ ನಂಬರ್ ಎಂದರೆ ಹತ್ತು ಅಂಕಿ ಎಂಬ ಒಂದೇ ತಿಳಿವು ಎಕ್ಸ್‌ಎಂಎಲ್‌ನಲ್ಲಿ ಒಂದು ರೂಪದಲ್ಲಿ, ಕೋಟ್ಲಿನ್‌ನಲ್ಲಿ ಇನ್ನೊಂದು ರೂಪದಲ್ಲಿ ಕೂತಿದೆ. ಕಣ್ಣಿಗೆ ಎರಡೂ ಒಂದೇ ಥರ ಕಾಣುವುದಿಲ್ಲ, ಹಾಗಾಗಿ ಯಾವ ರಿವ್ಯೂದಲ್ಲೂ ‘ರಿಪೀಟ್ ಯಾಕ್ರೀ’ ಎಂದು ಯಾರೂ ಕೇಳುವುದಿಲ್ಲ. ಬೇರೆ ಥರ ಕಾಣುವ ಒಂದೇ ತಿಳಿವು ಎಂದೆನಲ್ಲ, ಇದೇ ಅದು.

ಇದಕ್ಕೆ ಔಷಧ: ಸ್ಕ್ರೀನಿಗೂ ಬಟನ್ನಿಗೂ ಸಂಬಂಧವೇ ಇಲ್ಲದ ಒಂದು ಸಣ್ಣ ಕೋಟ್ಲಿನ್ ಫೈಲ್. ಅದರಲ್ಲಿ ಬರೀ ನಿಯಮಗಳು. ಮೊಬೈಲ್ ನಂಬರಿನ ಫಂಕ್ಷನ್ ಒಂದು ಸ್ಟ್ರಿಂಗ್ ತೆಗೆದುಕೊಂಡು, ಖಾಲಿ ಜಾಗ, ಅಡ್ಡಗೆರೆ, +91 ತೆಗೆದು, ಉಳಿದದ್ದು ಹತ್ತು ಅಂಕಿಯೋ, ಮೊದಲನೆಯದು 6ರಿಂದ 9ರ ಒಳಗಿದೆಯೋ ನೋಡಿ ಹೇಳಲಿ. ಐಎಫ್‌ಎಸ್‌ಸಿ ಫಂಕ್ಷನ್ ಹನ್ನೊಂದು ಅಕ್ಷರ, ಮೊದಲ ನಾಲ್ಕು ಇಂಗ್ಲಿಷ್ ಅಕ್ಷರ, ಐದನೆಯದು ಸೊನ್ನೆ ಎಂಬುದನ್ನು ನೋಡಲಿ. ಆ ಸೊನ್ನೆಯ ಜಾಗದಲ್ಲಿ ಓ ಅಕ್ಷರ ಟೈಪ್ ಮಾಡುವವರು ಬಹಳ. ಬ್ಯಾಂಕ್ ಖಾತೆಗೆ ಉದ್ದದ ನಿಯಮ ಹಾಕಬೇಡಿ, ಅದು ಬ್ಯಾಂಕಿನಿಂದ ಬ್ಯಾಂಕಿಗೆ ಬೇರೆ. ಈ ಫಂಕ್ಷನ್ನುಗಳಿಗೆ ಎಮ್ಯುಲೇಟರ್ ಬೇಡ, ಫೋನ್ ಬೇಡ, ನಿಮ್ಮ ಲ್ಯಾಪ್‌ಟಾಪಿನಲ್ಲೇ ಯೂನಿಟ್ ಟೆಸ್ಟ್ ಓಡುತ್ತದೆ. ಹನ್ನೊಂದು ಸ್ಕ್ರೀನೂ ಇದನ್ನೇ ಕರೆಯಲಿ, ಎಕ್ಸ್‌ಎಂಎಲ್‌ನ ಮ್ಯಾಕ್ಸ್‌ಲೆಂತ್ ಹೋಗಲಿ. ಮುಂದಿನ ಬದಲಾವಣೆ ಒಂದೇ ಕಡೆ.

ಇಷ್ಟು ಹೇಳಿದ ಮೇಲೆ ನಿಮ್ಮ ಕೈ ಮತ್ತೆ ತುರಿಸುತ್ತದೆ ಎಂದು ಗೊತ್ತು. ‘ಪಿನ್‌ಕೋಡ್ ಆರು ಅಂಕಿ, ಒಟಿಪಿ ಆರು ಅಂಕಿ, ಎರಡಕ್ಕೂ ಒಂದೇ ಫಂಕ್ಷನ್ ಮಾಡಿದರೆ?’ ಬೇಡ. ಇವು ಒಂದೇ ಥರ ಕಾಣುವ ಎರಡು ಬೇರೆ ತಿಳಿವುಗಳು. ನಾಳೆ ಯಾರೋ ಬಂದು ಪಿನ್‌ಕೋಡ್ ಸೊನ್ನೆಯಿಂದ ಶುರುವಾಗುವುದಿಲ್ಲ ಎಂಬ ನಿಯಮ ಸೇರಿಸುತ್ತಾರೆ. ಸರಿಯಾದ ನಿಯಮವೇ. ಆದರೆ ಒಟಿಪಿ ಸೊನ್ನೆಯಿಂದ ಶುರುವಾಗಬಹುದು. ಅಂದಿನಿಂದ ಹತ್ತಕ್ಕೊಬ್ಬರಿಗೆ ಲಾಗಿನ್ ಆಗುವುದಿಲ್ಲ, ಉಳಿದವರಿಗೆ ಆಗುತ್ತದೆ, ನಿಮ್ಮ ಫೋನಿನಲ್ಲಿ ಸರಿಯಾಗಿಯೇ ಇರುತ್ತದೆ. ಇಂಥ ಬಗ್ಗು ಹಿಡಿಯುವಷ್ಟರಲ್ಲಿ ಸಾಕುಸಾಕಾಗುತ್ತದೆ. ಎರಡು ಸಾಲನ್ನು ಒಂದು ಮಾಡುವ ಮುನ್ನ ಕೇಳಿಕೊಳ್ಳಬೇಕಾದ್ದು ಒಂದೇ: ಇದು ಬದಲಾದರೆ ಅದೂ ಬದಲಾಗಲೇಬೇಕೆ? ಬೇಕಿಲ್ಲ ಎಂದಾದರೆ ಬಿಡಿ, ಎರಡಿದ್ದರೆ ಇರಲಿ.

ನಿಮ್ಮ ಒಂಬತ್ತು ಪ್ಯಾರಾಮೀಟರ್ ಫಂಕ್ಷನ್ ಹಾಳಾದದ್ದು ಇಲ್ಲೇ. ನಾನು ಅದನ್ನು ನೋಡಿಲ್ಲ, ಆದರೂ ಅದರೊಳಗೆ ಏನಿತ್ತು ಎಂದು ಊಹಿಸಬಲ್ಲೆ. ಮೊದಲು ಲೇಬಲ್ಲು ಮತ್ತು ಐಡಿ. ಆಮೇಲೆ ‘ಇದು ಅಂಕಿಯೇ?’ ಎಂಬ ಒಂದು ಟ್ರೂ-ಫಾಲ್ಸ್. ಆಮೇಲೆ ‘ಖಾಲಿ ಬಿಡಬಹುದೇ?’ ಆಮೇಲೆ ನಾಮಿನಿ ಸ್ಕ್ರೀನಿಗಾಗಿ ಇನ್ನೊಂದು ಟ್ರೂ-ಫಾಲ್ಸ್. ಊರಿನವರೆಲ್ಲರಿಗೂ ಆಗಲಿ ಎಂದು ಒಂದೇ ಅಂಗಿ ಹೊಲಿದು, ಪ್ರತಿಯೊಬ್ಬರು ತೊಡುವಾಗಲೂ ಒಂದೊಂದು ಪಿನ್ನು ಚುಚ್ಚಿ ಸರಿಮಾಡಿದ ಹಾಗೆ. ಕರೆಯುವ ಜಾಗದಲ್ಲಿ ಟ್ರೂ, ಫಾಲ್ಸ್, ಫಾಲ್ಸ್, ಟ್ರೂ ಎಂದು ಸಾಲಾಗಿ ನಿಂತಿದ್ದರೆ ಲೀಡ್ ಸರ್ ಅಲ್ಲ, ಮೂರು ತಿಂಗಳ ನಂತರ ನಿಮಗೇ ಅರ್ಥವಾಗುವುದಿಲ್ಲ. ಸ್ಯಾಂಡಿ ಮೆಟ್ಜ್ ಎಂಬ ಅಮೆರಿಕದ ಪ್ರೋಗ್ರಾಮರ್ 2016ರ ಒಂದು ಬರಹದಲ್ಲಿ, ತಪ್ಪಾಗಿ ಒಂದುಗೂಡಿಸಿದ ಕೋಡಿಗಿಂತ ನಕಲು ಕೋಡೇ ಎಷ್ಟೋ ಅಗ್ಗ ಎಂದು ವಾದಿಸಿದ್ದಾರೆ. ಅಂಥದ್ದು ಕೈಗೆ ಸಿಕ್ಕರೆ ಅದನ್ನು ರಿಪೇರಿ ಮಾಡುತ್ತ ಕೂರದೆ, ಕರೆದ ಜಾಗಗಳಿಗೆಲ್ಲ ಒಡೆದು ಹಂಚಿ, ಬೇಡದ ಕವಲು ಕತ್ತರಿಸಿ, ಆಮೇಲೆ ಹೊಸದಾಗಿ ನೋಡಿ ಎಂಬುದು ಅವರ ದಾರಿ. ಆ್ಯಂಡ್ರಾಯ್ಡ್ ಸ್ಟುಡಿಯೋದಲ್ಲಿ ಫಂಕ್ಷನ್ನಿನ ಹೆಸರಿನ ಮೇಲೆ ಕಂಟ್ರೋಲ್-ಆಲ್ಟ್-ಎನ್ ಒತ್ತಿದರೆ ಇನ್‌ಲೈನ್ ಆಗುತ್ತದೆ, ಕೈಯಲ್ಲಿ ಒಡೆಯಬೇಕಿಲ್ಲ.

ಇನ್ನೊಂದು ಹೊಂಡದ ಬಗ್ಗೆ ಹೇಳಲೇಬೇಕು, ಏಕೆಂದರೆ ಸ್ಟೈಲು, ಬೈಂಡಿಂಗು ಎಲ್ಲ ಕಲಿತ ಉತ್ಸಾಹದಲ್ಲಿ ನೀವು ಮುಂದೆ ಕಾಲಿಡುವುದು ಅಲ್ಲಿಗೇ. ಹೆಸರು ಮತ್ತು ಮೊಬೈಲ್ ಪೆಟ್ಟಿಗೆಗಳನ್ನು ಒಂದು ಸಣ್ಣ ಲೇಔಟ್ ಮಾಡಿ, ಇನ್‌ಕ್ಲೂಡ್ ಟ್ಯಾಗಿನಿಂದ ಒಂದೇ ಸ್ಕ್ರೀನಿನಲ್ಲಿ ಸದಸ್ಯ, ನಾಮಿನಿ, ಜಾಮೀನುದಾರ ಎಂದು ಮೂರು ಸಲ ಸೇರಿಸುತ್ತೀರಿ. ನೋಡಲು ಅಚ್ಚುಕಟ್ಟು. ವ್ಯೂ ಬೈಂಡಿಂಗೂ ಸಹಕರಿಸುತ್ತದೆ, ಇನ್‌ಕ್ಲೂಡ್‌ಗೆ ಐಡಿ ಕೊಟ್ಟರೆ ಒಳಗಿನದ್ದಕ್ಕೆ ತನ್ನದೇ ಬೈಂಡಿಂಗ್ ಸಿಗುತ್ತದೆ. ಮೂವರ ನಂಬರನ್ನೂ ತುಂಬಿ ಫೋನನ್ನು ಅಡ್ಡ ತಿರುಗಿಸಿ ನೋಡಿ. ಮೂರೂ ಪೆಟ್ಟಿಗೆಯಲ್ಲಿ ಜಾಮೀನುದಾರನ ನಂಬರೇ ಕೂತಿರುತ್ತದೆ!

ಕಾರಣ ಸರಳ. ಫೋನ್ ತಿರುಗಿದಾಗ ಆ್ಯಂಡ್ರಾಯ್ಡ್ ಆ ಸ್ಕ್ರೀನನ್ನು ಕೆಡವಿ ಹೊಸದಾಗಿ ಕಟ್ಟುತ್ತದೆ. ಕೆಡವುವ ಮುನ್ನ ಪ್ರತಿ ಪೆಟ್ಟಿಗೆಯ ಪಠ್ಯವನ್ನು ಅದರ ಐಡಿಯ ಹೆಸರಲ್ಲಿ ಬರೆದಿಟ್ಟುಕೊಳ್ಳುತ್ತದೆ. ಮೂರಕ್ಕೂ ಐಡಿ ಒಂದೇ, ಹಾಗಾಗಿ ಒಂದರ ಮೇಲೊಂದು ಬರೆದು ಕೊನೆಯದು ಉಳಿಯುತ್ತದೆ. ಮರಳಿ ಹಂಚುವಾಗ ಮೂವರಿಗೂ ಅದೇ. ಪರದೆಯನ್ನು ತಿರುಗಿಸದೆ ಟೆಸ್ಟ್ ಮಾಡುವವರಿಗೆ ಇದು ಎಂದೂ ಕಾಣುವುದಿಲ್ಲ. ಇದನ್ನು ತಪ್ಪಿಸಲು ಆ ಪೆಟ್ಟಿಗೆಗಳಿಗೆ ಸೇವ್‌ಎನೇಬಲ್ಡ್ ಫಾಲ್ಸ್ ಮಾಡಿ, ತುಂಬಿದ ಮೌಲ್ಯಗಳನ್ನು ವ್ಯೂಮಾಡೆಲ್‌ನಲ್ಲಿ ಇಟ್ಟುಕೊಳ್ಳಿ. ಹಳ್ಳಿಯ ಕಡಿಮೆ ಮೆಮೊರಿಯ ಫೋನುಗಳಲ್ಲಿ ಫಾರ್ಮ್ ತುಂಬುತ್ತಿರುವಾಗ ಒಂದು ಕರೆ ಬಂದರೆ ಸಾಕು, ಹಿನ್ನೆಲೆಗೆ ಹೋದ ಆ್ಯಪನ್ನೇ ಸಿಸ್ಟಂ ಮುಗಿಸಿಬಿಡಬಹುದು. ಆಗ ವ್ಯೂಮಾಡೆಲೂ ಹೋಗುತ್ತದೆ. ಅದಕ್ಕೆ ಸೇವ್ಡ್‌ಸ್ಟೇಟ್‌ಹ್ಯಾಂಡಲ್ ಎಂಬುದಿದೆ, ಅದರಲ್ಲಿಡಿ. ಬೇರೆ ಬೇರೆ ಸ್ಕ್ರೀನಿನಲ್ಲಿ ಒಂದೊಂದೇ ಸಲ ಇನ್‌ಕ್ಲೂಡ್ ಮಾಡುವುದಾದರೆ ಈ ಯಾವ ತಾಪತ್ರಯವೂ ಇಲ್ಲ.

ಗೆಳೆಯರ ಸಲಹೆಗಳನ್ನು ಈಗ ಬೇಗ ನೋಡಿಬಿಡೋಣ. ಬೇಸ್ ಆ್ಯಕ್ಟಿವಿಟಿ ಬೇಡ. ಅದು ಶುರುವಾಗುವುದು ಒಂದು ಟೂಲ್‌ಬಾರ್ ಹಾಕುವ ಫಂಕ್ಷನ್ನಿನಿಂದ. ಆಮೇಲೆ ಪ್ರೋಗ್ರೆಸ್ ಡೈಲಾಗ್ ಬರುತ್ತದೆ, ಪರ್ಮಿಷನ್ ಬರುತ್ತದೆ, ವರ್ಷ ತುಂಬುವುದರೊಳಗೆ ಯಾವ ಸ್ಕ್ರೀನಿಗೂ ಪೂರ್ತಿ ಬೇಡದ, ಯಾರೂ ಮುಟ್ಟಲು ಧೈರ್ಯ ಮಾಡದ ಒಂದು ಬೆಟ್ಟ ತಯಾರಾಗುತ್ತದೆ. ಕೋಟ್ಲಿನ್‌ನಲ್ಲಿ ಒಂದು ಕ್ಲಾಸಿಗೆ ಒಬ್ಬನೇ ಅಪ್ಪ. ಅಂಥ ಜಾಗವನ್ನು ಬಣ್ಣ ಹಚ್ಚುವ ಕೆಲಸಕ್ಕೆ ಖರ್ಚು ಮಾಡಬಾರದು. ಹಂಚಿಕೊಳ್ಳಬೇಕಾದ್ದು ಸಣ್ಣದಿದ್ದರೆ ಎಕ್ಸ್‌ಟೆನ್ಶನ್ ಫಂಕ್ಷನ್ ಬರೆಯಿರಿ. ನೆಟ್‌ವರ್ಕ್ ನಿಧಾನ ಇದ್ದಾಗ ಸೇವ್ ಬಟನ್ನನ್ನು ಎರಡು ಸಲ ಒತ್ತಿ ಎರಡು ದಾಖಲೆ ಆಗುವುದನ್ನು ತಡೆಯುವ ಕೋಡು ಅದಕ್ಕೆ ಹೇಳಿ ಮಾಡಿಸಿದ್ದು.

ಕಂಪೋಸ್ ಸಲಹೆ ಕೊಟ್ಟ ಗೆಳೆಯ ಅರ್ಧ ಸರಿ. 2021ರ ಜುಲೈನಲ್ಲಿ ಅದರ 1.0 ಬಂದ ಮೇಲೆ ಹೊಸ ಆ್ಯಪನ್ನು ಲೇಔಟ್ ಎಕ್ಸ್‌ಎಂಎಲ್‌ನಲ್ಲಿ ಶುರುಮಾಡಲು ಕಾರಣಗಳು ಕಡಿಮೆಯಾಗಿವೆ. ಅಲ್ಲಿ ಐಡಿಯೂ ಇಲ್ಲ, ಹುಡುಕುವುದೂ ಇಲ್ಲ, ಮೊಬೈಲ್ ಪೆಟ್ಟಿಗೆಯೇ ಒಂದು ಫಂಕ್ಷನ್. ಆದರೆ ಓಡುತ್ತಿರುವ ಆ್ಯಪನ್ನು ನಿಲ್ಲಿಸಿ ತಿರುಗಿ ಬರೆಯಲು ನಿಮ್ಮ ಕಂಪನಿ ಒಪ್ಪುವುದಿಲ್ಲ, ಒಪ್ಪಬಾರದು ಕೂಡ. ಕಂಪೋಸ್‌ವ್ಯೂ ಎಂಬುದನ್ನು ಹಳೆಯ ಲೇಔಟಿನೊಳಗೇ ಇಡಬಹುದು, ಹನ್ನೆರಡನೆಯ ಸ್ಕ್ರೀನ್ ಬಂದಾಗ ಲೀಡ್ ಸರ್ ಒಪ್ಪಿದರೆ ಅಲ್ಲಿಂದ ಶುರುಮಾಡಿ. ಮೊಬೈಲ್ ನಿಯಮವನ್ನು ಹನ್ನೊಂದು ಕಡೆ ಪೇಸ್ಟ್ ಮಾಡುವವರು ಕಂಪೋಸ್‌ನಲ್ಲೂ ಹನ್ನೊಂದು ಕಡೆ ಪೇಸ್ಟ್ ಮಾಡಬಹುದು, ಅದು ತಡೆಯುವುದಿಲ್ಲ. ಐಫೋನ್ ಕಡೆಯವರ ಪಾಡೂ ಬೇರೆಯಲ್ಲ. ಸ್ಟೋರಿಬೋರ್ಡ್ ಇಲ್ಲದೆ ಯುಐಕಿಟ್‌ನಲ್ಲಿ ಬರೆಯುವವರು ಆಟೊಲೇಔಟ್‌ಗಾಗಿ ಪ್ರತಿ ಬಟನ್ನಿಗೂ ಆಟೊರೀಸೈಜಿಂಗ್ ಮಾಸ್ಕನ್ನು ಫಾಲ್ಸ್ ಮಾಡುವ ಆ ಉದ್ದನೆಯ ಸಾಲನ್ನು ಬರೆದು ಬರೆದು ಸವೆದರು, 2019ರಲ್ಲಿ ಅವರಿಗೆ ಸ್ವಿಫ್ಟ್‌ಯುಐ ಬಂತು.

ಎಐ ಗೆಳೆಯನಿಗೆ ನನ್ನ ಪರವಾಗಿ ಇದನ್ನು ಕೇಳಿ: ಹನ್ನೊಂದು ಕಡೆ ಬರೆದುಕೊಟ್ಟ ಎಐ, ಆರು ತಿಂಗಳ ನಂತರ ನಿಯಮ ಬದಲಾದಾಗ ಹನ್ನೊಂದನೆಯದನ್ನು ತಾನಾಗಿ ನೆನಪಿಸುತ್ತದೆಯೇ? ಟೈಪ್ ಮಾಡುವ ಶ್ರಮ ಉಳಿಯಿತು, ನಕಲು ಹನ್ನೊಂದು ಉಳಿದೇ ಇವೆ. ಬಳಸಬೇಡಿ ಎನ್ನುತ್ತಿಲ್ಲ. ಮೊಬೈಲ್ ಫಂಕ್ಷನ್ನಿಗೆ ಇಪ್ಪತ್ತು ವಿಚಿತ್ರ ನಂಬರುಗಳ ಯೂನಿಟ್ ಟೆಸ್ಟ್ ಬರೆಸಿ, ಅಲ್ಲಿ ಅದರ ಉಪಕಾರ ದೊಡ್ಡದು. ಅದು ಕೊಟ್ಟ ಕೋಡಿನ ಇಂಪೋರ್ಟ್ ಸಾಲಿನಲ್ಲಿ ಸಿಂಥೆಟಿಕ್ ಎಂಬ ಪದ ಕಂಡರೆ ಮಾತ್ರ ಓದದೇ ಅಳಿಸಿ, ಇಂದಿನ ಕೋಟ್ಲಿನ್‌ನಲ್ಲಿ ಅದು ಕಂಪೈಲೂ ಆಗುವುದಿಲ್ಲ.

ಲೀಡ್ ಸರ್ ಜೊತೆ ಹೇಗೆ ಮಾತಾಡುವುದು ಎಂದು ನೀವು ಕೇಳಿಲ್ಲ, ಆದರೆ ಪತ್ರದ ತುಂಬ ಅದೇ ಇದೆ. ಅವರು ‘ರಿಪೀಟ್ ಯಾಕೆ’ ಎಂದಾಗ ನೀವು ‘ಯಾವ ಸಾಲು ಸರ್?’ ಎಂದು ಕೇಳಬೇಕಿತ್ತು. ಕೇಳದೆ ಇಡೀ ಮನೆ ಕೆಡವಿದಿರಿ. ಹಿರಿಯರ ಒಂದು ಪ್ರಶ್ನೆಯನ್ನು ಆಜ್ಞೆ ಎಂದು ತಿಳಿದುಕೊಳ್ಳುವುದು ನಮ್ಮ ಕಡೆಯ ಹುಡುಗರಲ್ಲಿ ಬಹಳ, ಕಾಲೇಜಿನ ವೈವಾ ಕಲಿಸಿದ ಅಭ್ಯಾಸ ಅದು. ಅವರು ಎರಡನೆಯ ಸಲ ಸಿಟ್ಟಾಗಿದ್ದೂ ಬಹುಶಃ ಹನ್ನೊಂದು ಸ್ಕ್ರೀನೂ ಒಂದೇ ರಿವ್ಯೂನಲ್ಲಿ ಬದಲಾಗಿ ಬಂದಿದ್ದಕ್ಕೆ. ಮಾರ್ಟಿನ್ ಫೌಲರ್ ತಮ್ಮ 1999ರ ‘ರಿಫ್ಯಾಕ್ಟರಿಂಗ್’ ಪುಸ್ತಕದಲ್ಲಿ ಡಾನ್ ರಾಬರ್ಟ್ಸ್ ಹೇಳಿದ್ದೆಂದು ಒಂದು ಸೂತ್ರ ಕೊಟ್ಟಿದ್ದಾರೆ: ಅದೇ ಕೋಡು ಮೂರನೆಯ ಸಲ ಬಂದಾಗ ಒಂದುಗೂಡಿಸಲು ಕೈಹಾಕು ಎಂಬ ಅರ್ಥದ್ದು. ತೋರಿಸುವಾಗಲೂ ಅದೇ ನಿಧಾನ ಇರಲಿ. ಒಂದು ಸ್ಕ್ರೀನ್ ಬದಲಿಸಿ, ತೋರಿಸಿ, ಅವರು ಹೂಂ ಅಂದರೆ ಉಳಿದವಕ್ಕೆ ಹೋಗಿ.

ಕೆಲಸದ ಕ್ರಮ ಮಾತ್ರ ತಿರುಗಿಸಬೇಡಿ. ಮೊದಲು ಮೊಬೈಲ್ ನಿಯಮದ ಫೈಲ್, ಅದರ ಟೆಸ್ಟ್, ಹನ್ನೊಂದೂ ಸ್ಕ್ರೀನಿನಿಂದ ಮ್ಯಾಕ್ಸ್‌ಲೆಂತ್ ತೆಗೆಯುವುದು. ಇದು ಈ ವಾರವೇ ಸಂಘದವರಿಗೆ ತಲುಪಲಿ, ಏಕೆಂದರೆ ತಪ್ಪು ನಂಬರ್ ಉಳಿದರೆ ಹಾಲಿನ ಬಿಲ್ಲಿನ ಮೆಸೇಜು ಸದಸ್ಯನಿಗೆ ಹೋಗುವುದಿಲ್ಲ. ವ್ಯೂ ಬೈಂಡಿಂಗ್, ಸ್ಟೈಲುಗಳೆಲ್ಲ ಆಮೇಲೆ, ಸ್ಕ್ರೀನಿಗೊಂದರಂತೆ, ಬಿಡುವಾದಾಗ. ಆ ದೊಡ್ಡ ಫಂಕ್ಷನ್ ಅಳಿಸುವುದನ್ನು ಬೇರೆಯೇ ಕಮಿಟ್ ಮಾಡಿ, ಯಾಕೆ ಅಳಿಸಿದಿರಿ ಎಂದು ಅದರ ಮೆಸೇಜಿನಲ್ಲಿ ಎರಡು ಸಾಲು ಬರೆಯಿರಿ. ನಿಮ್ಮ ನಂತರ ಆ ಕುರ್ಚಿಗೆ ಬರುವ ಹುಡುಗನೋ ಹುಡುಗಿಯೋ ಮತ್ತೆ ಅದನ್ನೇ ಬರೆಯಲು ಕೂರುವ ಮುನ್ನ ಓದಿಕೊಳ್ಳಲಿ.